ರಾತ್ರಿ ವಿಮಾನ, ಬೆಳಗ್ಗೆ ಸಿಂಗಾಪುರ: ಶಾಲಾ ಪ್ರವಾಸದ ಮೊದಲ ದಿನ ದಾಟಿಸುವುದು ಹೇಗೆ

ಟೂರ್‌ನವರು ಕೊಡುವ ಹಾಳೆಯಲ್ಲಿ ‘ದಿನ 1: ಸಿಂಗಾಪುರ ಆಗಮನ, ನಗರ ವೀಕ್ಷಣೆ, ಹೋಟೆಲ್’ ಅಂತ ಒಂದೇ ಸಾಲು ಇರುತ್ತದೆ. ಓದಿದರೆ ಏನೂ ಕಷ್ಟ ಅನ್ನಿಸುವುದಿಲ್ಲ. ಆದರೆ ಮೈಸೂರಿನಿಂದ ಹೊರಡುವ ಏಳನೇ ಕ್ಲಾಸಿನ ಒಂದು ಮಗುವಿನ ಲೆಕ್ಕ ಹಾಕಿ ನೋಡಿ. ಹೊರಡುವ ಖುಷಿಗೆ ಬೆಳಗ್ಗೆ 6ಕ್ಕೇ ಎದ್ದು ಕೂತಿರುತ್ತದೆ. ಮಧ್ಯಾಹ್ನ ಶಾಲೆಯ ಗೇಟಿನಿಂದ ಬಸ್ಸು, ಸಂಜೆ ಏಳರ ಹೊತ್ತಿಗೆ ದೇವನಹಳ್ಳಿ, ರಾತ್ರಿ 11ರ ಆಸುಪಾಸು ವಿಮಾನ. ಹಾರಾಟ ಸುಮಾರು ನಾಲ್ಕೂವರೆ ಗಂಟೆ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಇಳಿದಾಗ ಅಲ್ಲಿ ಬೆಳಗಿನ 6, ನಮ್ಮಲ್ಲಿ ಇನ್ನೂ 3.30. ಹೋಟೆಲಿನವರು ರೂಮು ಕೊಡುವುದು ಅಲ್ಲಿನ ಮಧ್ಯಾಹ್ನ 3ಕ್ಕೆ. ಅಂದರೆ ಮಗು ಹಾಸಿಗೆ ಬಿಟ್ಟು ಮತ್ತೆ ಹಾಸಿಗೆ ಕಾಣುವಷ್ಟರಲ್ಲಿ 30 ಗಂಟೆ ದಾಟಿರುತ್ತದೆ!

ಮಕ್ಕಳನ್ನು ಕರೆದುಕೊಂಡು ಹೋಗುವ ಟೀಚರುಗಳು ಸಾಮಾನ್ಯವಾಗಿ ವಿಮಾನದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಹೆದರಿಕೊಳ್ತಾರಾ, ವಾಂತಿ ಮಾಡ್ತಾರಾ, ಕಿವಿ ನೋವು ಅಂತಾರಾ... ನಿಜ ಹೇಳಬೇಕೆಂದರೆ ವಿಮಾನದೊಳಗೆ ಮಕ್ಕಳು ಬೆಲ್ಟು ಹಾಕಿಕೊಂಡು ಒಂದೇ ಕಡೆ ಕೂತಿರುತ್ತಾರೆ, ಎಲ್ಲಿಗೂ ಹೋಗಲು ಆಗುವುದಿಲ್ಲ. ನಿಮಗೆ ಇಡೀ ದಿನದಲ್ಲಿ ಅಷ್ಟು ನೆಮ್ಮದಿ ಮತ್ತೆ ಸಿಗುವುದಿಲ್ಲ. ದಿನ ಕೆಡುವುದು ಇಳಿದ ಮೇಲೆ, ರೂಮಿನ ಬೀಗ ಸಿಗುವ ತನಕದ ಆ 9 ಗಂಟೆಗಳಲ್ಲಿ. ಅದನ್ನು ಹೇಗೆ ಕಳೆಯಬೇಕು ಅಂತ ಮೈಸೂರಿನಲ್ಲಿ ಕೂತೇ ತೀರ್ಮಾನ ಮಾಡಬೇಕು.

ದುಡ್ಡು ಕಟ್ಟುವ ಮೊದಲು ಕೇಳಿ

ಟೂರ್‌ನವರ ಹತ್ತಿರ ಮಾತಾಡುವಾಗ ಎಲ್ಲರೂ ಎಷ್ಟು ಜಾಗ ತೋರಿಸ್ತೀರಿ ಅಂತ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವಿಮಾನ ಎಷ್ಟಕ್ಕೆ ಇಳಿಯುತ್ತದೆ, ಹೋಟೆಲಿನಲ್ಲಿ ರೂಮು ಎಷ್ಟಕ್ಕೆ ಕೊಡುತ್ತಾರೆ, ಈ ಎರಡರ ನಡುವೆ ಮಕ್ಕಳು ಎಲ್ಲಿರುತ್ತಾರೆ? ‘ಅಡ್ಜಸ್ಟ್ ಮಾಡೋಣ ಮೇಡಂ’ ಅಂದರೆ ಒಪ್ಪಬೇಡಿ. ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ, ಹುಡುಗಿಯರಿಗೊಂದು ಹುಡುಗರಿಗೊಂದು ಅಂತ ಎರಡೇ ರೂಮು ಬೆಳಗ್ಗೆಯೇ ಕೊಡಿಸಿ ಅಂತ ಕೇಳಿ. ಸ್ನಾನ ಇಲ್ಲದಿದ್ದರೂ ಮುಖ ತೊಳೆದು ಬಟ್ಟೆ ಬದಲಾಯಿಸಿದರೆ ಮಕ್ಕಳು ಅರ್ಧ ಸರಿಹೋಗುತ್ತಾರೆ. ಅದೂ ಆಗದಿದ್ದರೆ ಕೊನೇ ಪಕ್ಷ ದೊಡ್ಡ ಬ್ಯಾಗುಗಳನ್ನು ಬೆಳಗ್ಗೆಯೇ ಹೋಟೆಲಿನಲ್ಲಿ ಇಟ್ಟುಕೊಳ್ಳುತ್ತಾರಾ, ಬಸ್ಸು ದಿನವಿಡೀ ನಮ್ಮ ಜೊತೆಗೇ ಇರುತ್ತದಾ ಅಥವಾ ಇಳಿಸಿ ಬೇರೆ ಕಡೆ ಹೋಗಿಬಿಡುತ್ತದಾ, ಇದನ್ನು ಬರೆದು ಕೊಡಿ ಅನ್ನಿ.

ಮೊದಲ ದಿನದ ಪಟ್ಟಿಯಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಇದ್ದರೆ ತೆಗೆಸಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಇಡೀ ರಾತ್ರಿ ನಿದ್ದೆಗೆಟ್ಟ ಮಗುವನ್ನು ಬಿಸಿಲಲ್ಲಿ ಕ್ಯೂ ನಿಲ್ಲಿಸಿ, ಆಮೇಲೆ ತಿರುಗುವ ರೈಡಿನಲ್ಲಿ ಕೂರಿಸಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನೈಟ್ ಸಫಾರಿಯೂ ಅಷ್ಟೇ, ಎರಡನೇ ಅಥವಾ ಮೂರನೇ ರಾತ್ರಿಗೆ ಇರಲಿ. ಮೊದಲ ರಾತ್ರಿಯೇ ಹೋದರೆ ಟಿಕೆಟಿನ ದುಡ್ಡು ಹೋಗುತ್ತದೆ, ಮಕ್ಕಳು ತೂಕಡಿಸುತ್ತಾ ಕೂತಿರುತ್ತಾರೆ.

ಕಾಗದಪತ್ರ

ಸಿಂಗಾಪುರಕ್ಕೆ ಹೋಗುವ ದಿನದಿಂದ ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ದೊಡ್ಡವರ ಪಾಸ್‌ಪೋರ್ಟು 10 ವರ್ಷ ಬರುತ್ತದೆ, ಚಿಕ್ಕ ಮಕ್ಕಳದ್ದು 5 ವರ್ಷ ಮಾತ್ರ. ಮನೆಯವರಿಗೆ ಇದು ನೆನಪಿರುವುದಿಲ್ಲ. ‘ಮೊನ್ನೆ ಮೊನ್ನೆ ಮಾಡಿಸಿದ್ದು ಮಿಸ್’ ಅಂತಾರೆ, ತೆಗೆದು ನೋಡಿದರೆ ಯುಕೆಜಿಯ ಫೋಟೋ ಇರುತ್ತದೆ. ಹೆಸರು ಕೊಟ್ಟ ದಿನವೇ ಎಲ್ಲರ ಪಾಸ್‌ಪೋರ್ಟಿನ ಕೊನೆಯ ತಾರೀಕು ಬರೆದುಕೊಳ್ಳಿ.

ಭಾರತದವರಿಗೆ ಸಿಂಗಾಪುರಕ್ಕೆ ವೀಸಾ ಬೇಕು. ಅದು ಪಾಸ್‌ಪೋರ್ಟಿನಲ್ಲಿ ಅಂಟಿಸುವ ಸ್ಟಿಕರ್ ಅಲ್ಲ, ಇ-ವೀಸಾ. ಪ್ರಿಂಟ್ ತೆಗೆದು ಪ್ರತಿ ಮಗುವಿನ ಪಾಸ್‌ಪೋರ್ಟಿನ ಒಳಗೆ ಮಡಚಿ ಇಡಿ. ವೀಸಾ ಸಿಕ್ಕರೆ ಮುಗಿಯಲಿಲ್ಲ, ಎಸ್‌ಜಿ ಅರೈವಲ್ ಕಾರ್ಡ್ ಅಂತ ಇನ್ನೊಂದಿದೆ. ಅಲ್ಲಿಗೆ ತಲುಪುವ ದಿನವನ್ನೂ ಸೇರಿಸಿ 3 ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ತೀರಾ ಮೊದಲೇ ತುಂಬಲು ಬರುವುದಿಲ್ಲ. ಇದಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಅಲ್ಲಿನ ವಲಸೆ ಇಲಾಖೆ, ಅಂದರೆ ಐಸಿಎಯ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಉಚಿತ. ದುಡ್ಡು ಕೇಳುವ ಸೈಟು ಕಂಡರೆ ಅದು ಬೇರೆಯವರದ್ದು ಅಂತ ತಿಳಿದು ಮುಚ್ಚಿಬಿಡಿ. ಎಲ್ಲ ಮಕ್ಕಳದ್ದನ್ನೂ ಒಟ್ಟಿಗೆ ಒಬ್ಬರೇ ಟೀಚರ್ ತುಂಬುವುದು ವಾಸಿ, ಯಾಕೆಂದರೆ ಈಗ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವ ಇ-ಪಾಸ್, ಕಾರ್ಡಿನಲ್ಲಿ ಕೊಟ್ಟ ಇಮೇಲಿಗೆ ಬರುತ್ತದೆ. ಆ ಇಮೇಲು ಮೂವತ್ತು ಜನ ಅಪ್ಪ ಅಮ್ಮಂದಿರ ಫೋನಿಗೆ ಹಂಚಿ ಹೋದರೆ ಬೇಕಾದಾಗ ನಿಮ್ಮ ಕೈಗೆ ಸಿಗುವುದಿಲ್ಲ.

ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ಶಾಲೆಯ ಲೆಟರ್‌ಹೆಡ್‌ನಲ್ಲಿ ಮಕ್ಕಳ ಮತ್ತು ಟೀಚರುಗಳ ಪಟ್ಟಿ, ಹೋಟೆಲ್ ವಿಳಾಸ, ವಾಪಸ್ ಟಿಕೆಟ್. ಇಷ್ಟು ಎರಡು ಸೆಟ್ ಮಾಡಿ ಇಬ್ಬರು ಟೀಚರುಗಳ ಹತ್ತಿರ ಬೇರೆ ಬೇರೆ ಇರಲಿ.

ಬ್ಯಾಗು, ಅದಕ್ಕಿಂತ ಮುಖ್ಯವಾಗಿ ಚಿಕ್ಕ ಬ್ಯಾಗು

ದೊಡ್ಡ ಬ್ಯಾಗು ಮಧ್ಯಾಹ್ನದ ತನಕ ಮಗುವಿನ ಕೈಗೆ ಸಿಗುವುದಿಲ್ಲ ಅಂತಲೇ ತಿಳಿದು ಬೆನ್ನಿಗೆ ಹಾಕುವ ಬ್ಯಾಗನ್ನು ಜೋಡಿಸಬೇಕು. ಒಂದು ಜೊತೆ ಬಟ್ಟೆ (ಒಳಉಡುಪು ಸೇರಿ), ಒಂದು ಸ್ವೆಟರ್, ಬ್ರಷ್ಷು, ಚಿಕ್ಕ ಪೇಸ್ಟು, ಟವೆಲ್ ಬದಲು ಒಂದು ತೆಳ್ಳನೆ ಪಂಚೆ ತುಂಡು, ವೆಟ್ ವೈಪ್ಸ್, ಖಾಲಿ ನೀರಿನ ಬಾಟಲಿ, ಮಡಚುವ ಕೊಡೆ, ಮಾತ್ರೆ. ಸ್ವೆಟರ್ ಬೇಡ, ಸಿಂಗಾಪುರ ಬಿಸಿ ಊರಲ್ವಾ ಅಂತಾರೆ. ಹೊರಗೆ 31–32 ಡಿಗ್ರಿ ನಿಜ, ಸೆಖೆ ಮಂಗಳೂರಿನ ಏಪ್ರಿಲ್ ಥರ. ಆದರೆ ವಿಮಾನ, ಬಸ್ಸು, ಮಾಲು, ಮ್ಯೂಸಿಯಂ ಎಲ್ಲ ಕಡೆ ಎ.ಸಿ. ಕೊರೆಯುತ್ತದೆ. ಬೆವರಿದ ಮೈಯಲ್ಲಿ ಒಳಗೆ ಹೋದರೆ ಮಕ್ಕಳು ಚಳಿಗೆ ನಡುಗುತ್ತಾರೆ.

ತಿಂಡಿಯ ವಿಷಯದಲ್ಲಿ ಅಮ್ಮಂದಿರಿಗೆ ಒಂದು ಮೀಟಿಂಗ್ ಬೇಕೇ ಬೇಕು. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಖಾರದ ಅವಲಕ್ಕಿ ಆರಾಮಾಗಿ ಹೋಗುತ್ತವೆ. ಉಪ್ಪಿನಕಾಯಿ, ತುಪ್ಪ, ಮೊಸರನ್ನ ಕೈಬ್ಯಾಗಿನಲ್ಲಿ ಬೇಡ, ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ನೀರಾಗಿರುವುದು ಯಾವುದೇ ಆದರೂ 100 ಮಿ.ಲೀ. ಬಾಟಲಿ ದಾಟಬಾರದು. ಒಣ ಕೊಬ್ಬರಿ ಗಿಟುಕು ಬೇಡ, ಬೇಗ ಬೆಂಕಿ ಹತ್ತುವ ವಸ್ತು ಅಂತ ಬಿಡುವುದಿಲ್ಲ. ಇನ್ನು ಯಾರಿಗೂ ಗೊತ್ತಿರದ ಒಂದು ಮುಖ್ಯ ವಿಷಯ: ಗಸಗಸೆ. ಸಿಂಗಾಪುರದಲ್ಲಿ ಗಸಗಸೆ ಮಾದಕ ವಸ್ತುಗಳ ಇಲಾಖೆಯ ಕೆಳಗೆ ಬರುವ ನಿಷೇಧಿತ ಪದಾರ್ಥ. ಕಜ್ಜಾಯದ ಮೇಲೆ ಉದುರಿಸಿರುತ್ತಾರೆ, ಕೆಲವರ ಮನೆಯ ಮಸಾಲೆ ಪುಡಿಯಲ್ಲೂ ಇರುತ್ತದೆ. ಅಜ್ಜಿ ಪ್ರೀತಿಯಿಂದ ಕೊಟ್ಟರೂ ಮನೆಯಲ್ಲೇ ಬಿಟ್ಟು ಬನ್ನಿ ಅಂತ ಸ್ಪಷ್ಟವಾಗಿ ಹೇಳಿ. ಚೂಯಿಂಗ್ ಗಮ್ ಕೂಡ ಅಷ್ಟೇ, 1992ರಿಂದ ಅದನ್ನು ದೇಶದೊಳಗೆ ತರುವಂತಿಲ್ಲ. ಕಿವಿ ನೋವಿಗೆ ಅಂತ ಅಪ್ಪಂದಿರು ಗಮ್ ಕೊಟ್ಟು ಕಳಿಸುತ್ತಾರೆ, ಅದರ ಬದಲು ಶುಂಠಿ ಪೆಪ್ಪರ್‌ಮೆಂಟ್ ಕೊಡಲಿ.

ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ ಇಂಥವಕ್ಕೆ ಸಿಂಗಾಪುರದಲ್ಲಿ ಮೊದಲೇ ಅನುಮತಿ ಬೇಕಾಗುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳು ಯಾರು ಅಂತ ಮನೆಯವರನ್ನು ಕೇಳಿಟ್ಟುಕೊಳ್ಳಿ. ಮಾತ್ರೆ ಯಾವುದು, ಎಷ್ಟು ಅನ್ನುವುದನ್ನು ಅವರ ಡಾಕ್ಟರೇ ಬರೆದು ಕೊಡಲಿ, ನೀವು ನಿರ್ಧರಿಸಬೇಡಿ.

ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಬ್ಯಾಗಿನಲ್ಲೇ ಇರಬೇಕು. ಸಿಂಗಾಪುರ ಏರ್‌ಲೈನ್ಸ್‌ನಂಥ ಕೆಲವು ಕಂಪನಿಗಳು 2025ರಿಂದ ವಿಮಾನದೊಳಗೆ ಅದರಿಂದ ಫೋನ್ ಚಾರ್ಜ್ ಮಾಡುವುದನ್ನೂ ನಿಲ್ಲಿಸಿವೆ. ಹೋಟೆಲಿನಲ್ಲಿ ಪ್ಲಗ್ ಪಾಯಿಂಟು ಚೌಕ ಮೂರು ಕಡ್ಡಿಯದು. ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ, ರೂಮಿಗೊಂದು ಅಡಾಪ್ಟರ್ ಸಾಕು.

ಬ್ಯಾಗಿಗೆ ಗುರುತು. ಪ್ರವಾಸಕ್ಕೆ ಅಂತಲೇ ಹೊಸದಾಗಿ ಕೊಂಡ ಟ್ರಾಲಿ ಬ್ಯಾಗುಗಳು ಎಲ್ಲಾ ಒಂದೇ ನೀಲಿ ಬಣ್ಣ, ಒಂದೇ ಆಕಾರ. ಬೆಲ್ಟಿನ ಮೇಲೆ ಸಾಲಾಗಿ ಬರುವಾಗ ಮಕ್ಕಳು ಅದು ನಂದು ಇದು ನಂದು ಅಂತ ಎಳೆದಾಡುತ್ತಾರೆ. ಹಳೇ ಸೀರೆಯ ಅಂಚನ್ನು ಒಂದು ಗೇಣು ಕತ್ತರಿಸಿ ಹಿಡಿಕೆಗೆ ಗಂಟು ಹಾಕಿಸಿ. ಒಬ್ಬೊಬ್ಬರ ಮನೆಯ ಸೀರೆ ಒಂದೊಂದು ಥರ, ಅಮ್ಮನ ಸೀರೆ ಅಂಚನ್ನು ಯಾವ ಮಗುವೂ ಮರೆಯುವುದಿಲ್ಲ. ಅಂಗಡಿಯ ಕೆಂಪು ರಿಬ್ಬನ್ ಬೇಡ, ಅದನ್ನು ಎಲ್ಲರೂ ಕಟ್ಟಿರುತ್ತಾರೆ.

ಶಾಲೆಯ ಗೇಟಿನಿಂದ ದೇವನಹಳ್ಳಿಗೆ

ಮೈಸೂರಿನಿಂದ ಬೆಂಗಳೂರು ತಲುಪುವುದು ಈಗ ಕಷ್ಟವಲ್ಲ, ಎಕ್ಸ್‌ಪ್ರೆಸ್‌ವೇ ಇದೆ. ಬೆಂಗಳೂರನ್ನು ದಾಟುವುದೇ ಕಷ್ಟ. ಹೆಬ್ಬಾಳದ ಹತ್ತಿರ ಸಂಜೆ ಹೊತ್ತು ಬಸ್ಸು ನಿಂತರೆ ನಿಂತಿತು. 11ರ ವಿಮಾನಕ್ಕೆ ಮಧ್ಯಾಹ್ನ ಒಂದು ಒಂದೂವರೆಗೆ ಶಾಲೆ ಬಿಡಿ. ಬೇಗ ತಲುಪಿದರೆ ಏನೂ ನಷ್ಟವಿಲ್ಲ. ಗುಂಪಿನ ಚೆಕ್-ಇನ್ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ಮನೆಯವರು ಟಾಟಾ ಮಾಡುವುದು ಶಾಲೆಯ ಗೇಟಿನಲ್ಲೇ ಮುಗಿಯಲಿ. ಕಾರು ಹಾಕಿಕೊಂಡು ಏರ್‌ಪೋರ್ಟಿಗೂ ಬರುವವರು ಇದ್ದೇ ಇರುತ್ತಾರೆ. ಅಲ್ಲಿ ಒಂದು ಮಗು ಅಮ್ಮನನ್ನು ಕಂಡು ಅತ್ತರೆ ಅಮ್ಮ ಬರದ ಹತ್ತು ಮಕ್ಕಳು ಅಳಲು ಶುರು ಮಾಡುತ್ತವೆ. ದಯವಿಟ್ಟು ಬೇಡ ಅಂತ ಮೊದಲೇ ಹೇಳಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ರಾತ್ರಿ ಊಟ ಬಸ್ಸಿನಲ್ಲೇ, ಆರೂವರೆಗೆ. ಚಪಾತಿ ಪಲ್ಯ ಅಥವಾ ಪುಳಿಯೋಗರೆ, ಜಿಡ್ಡು ಕಡಿಮೆ ಇರಲಿ. ಏರ್‌ಪೋರ್ಟಿನ ಒಳಗೆ ಒಂದು ದೋಸೆಯ ರೇಟು ನೋಡಿದರೆ ಹಸಿವೇ ಹೋಗುತ್ತದೆ. ವಿಮಾನದಲ್ಲಿ ಊಟ ಕೊಟ್ಟರೂ ಅದು ಬರುವಷ್ಟರಲ್ಲಿ ನಡುರಾತ್ರಿ ಆಗಿರುತ್ತದೆ. ಸಸ್ಯಾಹಾರ ಬೇಕಾದವರ ಹೆಸರನ್ನು ಟಿಕೆಟ್ ಮಾಡಿಸುವಾಗಲೇ ಬರೆಸಿ, ಏಷ್ಯನ್ ವೆಜಿಟೇರಿಯನ್ ಅಂತ ಕೇಳಿ. ಸುಮ್ನೆ ‘ವೆಜ್’ ಅಂದರೆ ಬೇಯಿಸಿದ ತರಕಾರಿ ಬಂದರೂ ಬಂತು. ಜೈನ ಊಟ ಬೇರೆಯೇ ಇದೆ.

ಏರ್‌ಪೋರ್ಟಿನೊಳಗೆ

ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಬಿದಿರು, ಗಿಡ ಬಳ್ಳಿ ಎಲ್ಲ ಇರುವ ಚೆಂದದ ಜಾಗ, ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತುಬಿಡುತ್ತಾರೆ. ನೋಡಲಿ, ಐದು ನಿಮಿಷ ಕೊಡಿ, ಫೋಟೋ ಮುಗಿಸಿ. ಆಮೇಲೆ ಕೆಲಸ.

ಎಂಟೆಂಟು ಮಕ್ಕಳಿಗೆ ಒಬ್ಬ ಟೀಚರ್. ಪ್ರತಿ ಮಗುವಿಗೆ ಒಂದು ನಂಬರ್, ಪ್ರವಾಸ ಮುಗಿಯುವ ತನಕ ಅದೇ ನಂಬರ್. ತಲೆ ಎಣಿಸುವುದಕ್ಕಿಂತ ನಂಬರ್ ಕೂಗಿಸುವುದು ವಾಸಿ. ಎಣಿಸಿದರೆ ಒಬ್ಬರು ಕಡಿಮೆ ಅಂತ ಗೊತ್ತಾಗುತ್ತದೆ, ಕೂಗಿಸಿದರೆ ಯಾರು ಇಲ್ಲ ಅಂತಲೇ ಗೊತ್ತಾಗುತ್ತದೆ.

ಪಾಸ್‌ಪೋರ್ಟುಗಳನ್ನು ಮಕ್ಕಳ ಕೈಗೆ ಬಿಡುವುದು ಮೂರೇ ಜಾಗದಲ್ಲಿ: ಚೆಕ್-ಇನ್ ಕೌಂಟರ್, ಇಮಿಗ್ರೇಷನ್, ವಿಮಾನ ಹತ್ತುವ ಗೇಟು. ಪ್ರತಿ ಸಲವೂ ಮುಗಿದ ತಕ್ಷಣ ವಾಪಸ್. ನಂಬರಿನ ಕ್ರಮದಲ್ಲಿ ಜೋಡಿಸಿ, ಎಂಟಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ, ಜಿಪ್ ಇರುವ ಚೀಲದಲ್ಲಿ ಇಟ್ಟುಕೊಂಡರೆ ಕತ್ತಲಲ್ಲೂ ತೆಗೆದುಕೊಡಬಹುದು. ಹತ್ತನೇ ಕ್ಲಾಸಿನ ಮಕ್ಕಳು ‘ನಾವೇ ಇಟ್ಕೋತೀವಿ ಮಿಸ್’ ಅನ್ನುತ್ತಾರೆ. ಜವಾಬ್ದಾರಿ ಕಲಿಯಲಿ ಅನ್ನುವುದು ಸರಿಯೇ, ಆದರೆ ಅದನ್ನು ನೀರಿನ ಬಾಟಲಿಯಿಂದ ಕಲಿಯಲಿ, ಪಾಸ್‌ಪೋರ್ಟಿನಿಂದ ಬೇಡ.

ಇಮಿಗ್ರೇಷನ್ ಸಾಲಿನಲ್ಲಿ ಒಬ್ಬ ಟೀಚರ್ ಎಲ್ಲರಿಗಿಂತ ಮೊದಲು ದಾಟಬೇಕು, ಇನ್ನೊಬ್ಬರು ಎಲ್ಲರಿಗಿಂತ ಕೊನೆಗೆ. ಅಧಿಕಾರಿಗಳು ಮಗುವನ್ನೇ ಕೇಳುತ್ತಾರೆ, ಎಲ್ಲಿಗೆ ಹೋಗ್ತಿದ್ದೀಯ, ಯಾರ ಜೊತೆ, ಎಷ್ಟು ದಿನ ಅಂತ. ಉತ್ತರ ಗೊತ್ತಿದ್ದರೂ ಮಕ್ಕಳು ತಬ್ಬಿಬ್ಬಾಗುತ್ತಾರೆ. ಬಸ್ಸಿನಲ್ಲಿ ಬರುವಾಗಲೇ ಆಟದ ಥರ ನೀವೇ ಆಫೀಸರ್ ಆಗಿ ಕೇಳಿ ಅಭ್ಯಾಸ ಮಾಡಿಸಿ. ಸೆಕ್ಯುರಿಟಿಯಲ್ಲಿ ಬೆಲ್ಟು, ವಾಚು, ಫೋನು, ಟ್ಯಾಬು ಎಲ್ಲ ಟ್ರೇಗೆ ಹೋಗುತ್ತದೆ. ವಾಪಸ್ ತೆಗೆದುಕೊಳ್ಳುವಾಗ ವಾಚು ಬಿಟ್ಟು ಬರುವ ಮಗು ಒಂದಾದರೂ ಇರುತ್ತದೆ, ಅದಕ್ಕೇ ವಾಚನ್ನು ಮೊದಲೇ ಬಿಚ್ಚಿಸಿ ಬ್ಯಾಗಿನ ಜಿಪ್ಪಿನೊಳಗೆ ಹಾಕಿಸಿಬಿಡಿ.

ನಾಲ್ಕೂವರೆ ಗಂಟೆ ನಿದ್ದೆ ಮಾಡಿಸುವುದು

ಇದೊಂದು ಆಗುವ ಕೆಲಸವಲ್ಲ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ಆಗುವುದಿಲ್ಲ, ನಿಜ. ಮೊದಲ ಸಲ ವಿಮಾನ ಹತ್ತಿದ ಮಗುವಿಗೆ ಕಿಟಕಿ, ಮುಂದಿನ ಸ್ಕ್ರೀನು, ಬಟನ್ನು ಎಲ್ಲವೂ ಬೇಕು. ಒಂದು ಗಂಟೆ ಬಿಡಿ. ಹತ್ತಿದ ಕೂಡಲೇ ಎಲ್ಲರ ಗಡಿಯಾರವನ್ನೂ ಎರಡೂವರೆ ಗಂಟೆ ಮುಂದೆ ಮಾಡಿಸಿ. ‘ಈಗ ರಾತ್ರಿ ಒಂದೂವರೆ’ ಅಂತ ತಾವೇ ನೋಡಿದರೆ ದೊಡ್ಡ ಮಕ್ಕಳು ಸ್ವಲ್ಪವಾದರೂ ಮಾತು ಕೇಳುತ್ತಾರೆ. ಊಟದ ತಟ್ಟೆ ಹೋದ ಮೇಲೆ ಸ್ಕ್ರೀನು ಬಂದ್, ಸ್ವೆಟರ್ ಹಾಕಿಕೊಂಡು ಕಣ್ಣು ಮುಚ್ಚಿ. ಎರಡು ಗಂಟೆ ನಿದ್ದೆ ಬಂದರೂ ಲಾಭವೇ. ವಾಂತಿ ಮಾಡುವ ಮಕ್ಕಳನ್ನು ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕೂರಿಸಿ, ಅಲ್ಲಿ ಕುಲುಕಾಟ ಕಡಿಮೆ. ಇಳಿಯುವ ಅರ್ಧ ಗಂಟೆ ಮೊದಲು ಎಲ್ಲರನ್ನೂ ಎಬ್ಬಿಸಿ ಪೆಪ್ಪರ್‌ಮೆಂಟ್ ಕೊಡಿ. ಮಲಗಿರುವಾಗ ಎಂಜಲು ನುಂಗುವುದು ಕಡಿಮೆ, ಅದಕ್ಕೇ ನಿದ್ದೆಯಲ್ಲಿದ್ದ ಮಕ್ಕಳಿಗೇ ಕಿವಿ ಜಾಸ್ತಿ ನೋಯುವುದು.

ಚಾಂಗಿಯಲ್ಲಿ ಅವಸರ ಬೇಡ

ಚಾಂಗಿ ಅಂದರೆ ಸಿಂಗಾಪುರದ ಏರ್‌ಪೋರ್ಟು. ವಿಮಾನದಿಂದ ಇಳಿದವರೆಲ್ಲ ಇಮಿಗ್ರೇಷನ್ ಕಡೆಗೆ ಓಡುತ್ತಾರೆ. ನೀವು ಓಡಬೇಡಿ. ಮೊದಲು ಟಾಯ್ಲೆಟ್. ಇಲ್ಲೇ ಅರ್ಧ ಗಂಟೆ ಕಳೆಯಿರಿ: ಹಲ್ಲುಜ್ಜಿ, ಮುಖ ತೊಳೆದು, ಅಂಗಿ ಬದಲಾಯಿಸಿ, ತಲೆ ಬಾಚಿಸಿ. ಚಾಂಗಿಯ ಟಾಯ್ಲೆಟ್‌ಗಳು ಅಷ್ಟು ಸ್ವಚ್ಛವಾಗಿರುತ್ತವೆ, ಮುಂದೆ ಬಸ್ಸು ಎಲ್ಲಿ ನಿಲ್ಲಿಸಿದರೂ ಇಷ್ಟು ಆರಾಮ ಸಿಗುವುದಿಲ್ಲ. ನಲ್ಲಿಗಳ ಮುಂದೆ ನಮ್ಮ ಮಕ್ಕಳು ಸಾಲಾಗಿ ನಿಂತು ಬಾಯಲ್ಲಿ ನೊರೆ ಇಟ್ಟುಕೊಂಡೇ ಮಾತಾಡುತ್ತಿರುತ್ತಾರೆ. ಒಬ್ಬಳು ಕನ್ನಡಿ ನೋಡಿಕೊಂಡು ಎರಡು ಜಡೆಯಲ್ಲಿ ಒಂದನ್ನು ಮುಗಿಸಿ ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಇಲ್ಲ ಅಂತ ಪಾಸ್‌ಪೋರ್ಟಿನ ಕಟ್ಟಿನಿಂದ ಕೇಳುತ್ತಾಳೆ. ಎರಡು ಎಕ್ಸ್‌ಟ್ರಾ ಇಟ್ಟುಕೊಂಡಿರಿ.

ಇದೇ ಜಾಗದಲ್ಲಿ ಹೇಳಬೇಕಾದ ಇನ್ನೆರಡು ಮಾತು. ಸಿಂಗಾಪುರದ ಬಹಳಷ್ಟು ಸಾರ್ವಜನಿಕ ಟಾಯ್ಲೆಟ್‌ಗಳಲ್ಲಿ ನಮ್ಮ ಥರ ಪೈಪು, ಚೊಂಬು ಇರುವುದಿಲ್ಲ, ಪೇಪರ್ ಮಾತ್ರ. ನಾಚಿಕೆಗೆ ಮಕ್ಕಳು ಬಾಯಿ ಬಿಡದೆ ಇಡೀ ದಿನ ತಡೆದುಕೊಂಡು, ಅದಕ್ಕೇ ನೀರೂ ಕುಡಿಯದೆ, ಮಧ್ಯಾಹ್ನ ತಲೆನೋವು ಅಂತಾರೆ. ವೆಟ್ ವೈಪ್ಸ್ ಯಾಕೆ ಅಂತ, ಅಥವಾ ಒಂದು ಖಾಲಿ ಬಾಟಲಿಯಲ್ಲಿ ನೀರು ಒಯ್ಯಬಹುದು ಅಂತ ನೀವೇ ಮೊದಲು ಬಿಡಿಸಿ ಹೇಳಿಬಿಡಿ. ಹುಡುಗಿಯರಿಗೆ ಮುಟ್ಟಿನ ವಿಷಯ. ಪ್ರಯಾಣದ ಸುಸ್ತಿಗೆ ತಾರೀಕು ಹಿಂದೆ ಮುಂದೆ ಆಗುವುದು ಮಾಮೂಲು. ಟೀಚರ್ ಬ್ಯಾಗಿನಲ್ಲಿ ಪ್ಯಾಡು, ಒಂದೆರಡು ಒಳಉಡುಪು, ಗಾಢ ಬಣ್ಣದ ಒಂದು ಪ್ಯಾಂಟು ಇರಲಿ. ಯಾರ ಹತ್ತಿರ ಕೇಳಬೇಕು ಅಂತ ಹೊರಡುವ ಮೊದಲೇ ಅವರಿಗೆ ಗೊತ್ತಿರಲಿ. ಗಂಡಸರು ಮಾತ್ರ ಇರುವ ತಂಡದ ಜೊತೆ ಹುಡುಗಿಯರನ್ನು ಕಳಿಸಲೇಬಾರದು.

ನಲ್ಲಿಯ ನೀರು ಕುಡಿಯಬಹುದು, ಬಾಟಲಿ ತುಂಬಿಸಲು ಅಲ್ಲಲ್ಲಿ ಯಂತ್ರಗಳಿವೆ. ಎಲ್ಲರೂ ತುಂಬಿಸಿಕೊಂಡ ಮೇಲೆ ಇಮಿಗ್ರೇಷನ್. ಈಗ ಬಹುತೇಕ ಎಲ್ಲರೂ ಯಂತ್ರದ ಗೇಟಿನಲ್ಲೇ ಪಾಸ್‌ಪೋರ್ಟ್ ತೋರಿಸಿ ದಾಟುತ್ತಾರೆ. ಮಗುವಿಗೆ ಗೇಟು ತೆರೆಯದಿದ್ದರೆ ಗಾಬರಿ ಬೇಡ, ಸಿಬ್ಬಂದಿ ಕೌಂಟರಿಗೆ ಕಳಿಸುತ್ತಾರೆ. ಅದಕ್ಕೇ ಕೊನೆಯ ಟೀಚರ್ ಕೊನೆಗೇ ಇರಬೇಕು ಅಂದಿದ್ದು.

ಜ್ಯೂಯೆಲ್ ಅನ್ನುವ ಏರ್‌ಪೋರ್ಟಿನ ಮಾಲಿನೊಳಗೆ 40 ಮೀಟರ್ ಜಲಪಾತ ಪಕ್ಕದಲ್ಲೇ ಇದೆ, ನೋಡಿಕೊಂಡೇ ಹೋಗೋಣ ಅಂತ ಗೈಡ್ ಹೇಳಬಹುದು. ಬೆಳಗ್ಗೆ ಏಳಕ್ಕೆ ನೀರೇ ಬಿಟ್ಟಿರುವುದಿಲ್ಲ. ವಾಪಸ್ ಹೊರಡುವ ದಿನಕ್ಕೆ ಇಟ್ಟುಕೊಳ್ಳಿ, ಆವತ್ತು ಸಮಯವೂ ಇರುತ್ತದೆ.

ಆ 9 ಗಂಟೆ

ನನ್ನ ಲೆಕ್ಕದಲ್ಲಿ ಎರಡೇ ಜಾಗ, ಅದಕ್ಕಿಂತ ಒಂದೂ ಜಾಸ್ತಿ ಬೇಡ. ಬೆಳಗ್ಗೆ ಒಂದು ತೆರೆದ ಜಾಗ, ಬಿಸಿಲೇರಿದ ಮೇಲೆ ಒಂದು ಎ.ಸಿ. ಜಾಗ.

ಎಂಟರ ಹೊತ್ತಿಗೆ ಬಸ್ಸು ಹತ್ತಿ ನೇರ ಲಿಟಲ್ ಇಂಡಿಯಾದ ಸೆರಂಗೂನ್ ರೋಡ್. ಕೋಮಲ ವಿಲಾಸ್ 1947ರಿಂದ ಅಲ್ಲೇ ಇದೆ, ಸುತ್ತಮುತ್ತ ಇನ್ನೂ ಎಷ್ಟೋ ಸಸ್ಯಾಹಾರಿ ಹೋಟೆಲುಗಳಿವೆ. ಪರದೇಶಕ್ಕೆ ಬಂದು ಇಡ್ಲಿ ತಿನ್ನೋದಾ ಅಂತ ಮೂಗು ಮುರಿಯುವ ಅಪ್ಪಂದಿರಿಗೆ ಹೇಳಿ, ಇದು ಆ ದಿನದ ಔಷಧಿ. ಮಗುವಿನ ಹೊಟ್ಟೆ ಇನ್ನೂ ಮೈಸೂರಿನ ಬೆಳಗಿನ ಜಾವದಲ್ಲಿದೆ. ಅದಕ್ಕೆ ಗೊತ್ತಿರುವ ತಿಂಡಿ ಬಿಸಿಬಿಸಿಯಾಗಿ ಹೋದರೆ ತಕರಾರು ಮಾಡುವುದಿಲ್ಲ. ಅಲ್ಲಿನ ಊಟ, ಅಲ್ಲಿನ ನೂಡಲ್ಸು ನಾಳೆಯಿಂದ ಧಾರಾಳವಾಗಿ ತಿನ್ನಲಿ.

ಒಂಬತ್ತೂವರೆಗೆ ಬೊಟಾನಿಕ್ ಗಾರ್ಡನ್ಸ್. ಪ್ರವೇಶ ಉಚಿತ, ಬೆಳಗಿನ 5ಕ್ಕೇ ತೆರೆದಿರುತ್ತದೆ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತೋಟ, ಮಲಯಾದ ರಬ್ಬರ್ ಬೆಳೆಯ ಕತೆ ಶುರುವಾಗಿದ್ದು ಇಲ್ಲಿಂದಲೇ, ಹಾಗಾಗಿ ಶಾಲಾ ಪ್ರವಾಸ ಅನ್ನುವ ಹೆಸರಿಗೂ ಮೋಸವಿಲ್ಲ. ಮುಖ್ಯ ವಿಷಯ ಏನೆಂದರೆ ಹುಲ್ಲು, ನೆರಳು, ಓಡಲು ಜಾಗ. ಹದಿನೈದು ಗಂಟೆ ಸೀಟಿನಲ್ಲಿ, ಸಾಲಿನಲ್ಲಿ ಮಡಚಿಕೊಂಡಿದ್ದ ಕಾಲುಗಳು ಸ್ವಲ್ಪ ಬಿಚ್ಚಲಿ. ಇಲ್ಲಿ ಪಾಠ ಮಾಡಬೇಡಿ.

ಹನ್ನೊಂದರ ನಂತರ ಗಾರ್ಡನ್ಸ್ ಬೈ ದ ಬೇ. ಫ್ಲವರ್ ಡೋಮ್, ಕ್ಲೌಡ್ ಫಾರೆಸ್ಟ್ ಎರಡೂ ಗಾಜಿನ ಒಳಗಿವೆ, ತಂಪಾಗಿರುತ್ತವೆ. ಕ್ಲೌಡ್ ಫಾರೆಸ್ಟ್‌ನ ಒಳಗೆ 35 ಮೀಟರಿನ ಜಲಪಾತ ಇದೆ, ಬಾಗಿಲು ದಾಟಿದ ಕೂಡಲೇ ಮುಖಕ್ಕೆ ತುಂತುರು ಬೀಳುತ್ತದೆ, ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಾರೆ. ದುರಸ್ತಿಗೆ ಅಂತ ಕೆಲವು ದಿನ ಒಂದೊಂದು ಡೋಮ್ ಮುಚ್ಚಿರುತ್ತಾರೆ, ಟಿಕೆಟ್ ಕೊಳ್ಳುವ ಮೊದಲು ತಾರೀಕು ನೋಡಿಕೊಳ್ಳಿ. ಮೆರ್‌ಲಯನ್ ಪ್ರತಿಮೆ ಹತ್ತಿರದಲ್ಲೇ ಇದೆ, ಆದರೆ ನಡುಮಧ್ಯಾಹ್ನ ಅಲ್ಲಿ ನೆರಳು ಕಡಿಮೆ. ಬೇರೆ ದಿನ ಸಂಜೆ ಹೋಗಿ.

ಸೈನ್ಸ್ ಸೆಂಟರ್ ಮೊದಲ ದಿನಕ್ಕೆ ಬೇಡ ಅನ್ನುವುದಕ್ಕೆ ಕಾರಣ ಇದೆ. ಅದು ಜುರಾಂಗ್‌ನಲ್ಲಿ, ಊರಿನ ಪಶ್ಚಿಮದ ತುದಿಯ ಕಡೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬಸ್ಸು ಓಡಿದರೆ ಇಡೀ ಬಸ್ಸು ಮಲಗಿಬಿಡುತ್ತದೆ. ನಿದ್ದೆ ಹತ್ತಿದ ಮಕ್ಕಳನ್ನು ಎಬ್ಬಿಸಿ ಇಳಿಸುವುದು, ನಿದ್ದೆ ಬಾರದಂತೆ ನೋಡಿಕೊಳ್ಳುವುದಕ್ಕಿಂತ ಕಷ್ಟ. ಎದ್ದವರು ಅಳುಬುರುಕರಾಗಿ ಒಂದು ಗಂಟೆ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಮೊದಲ ದಿನದ ಜಾಗಗಳು ಒಂದಕ್ಕೊಂದು ಹತ್ತಿರ ಇರಬೇಕು. ಬಸ್ಸಿನಲ್ಲಿ ವಾಂತಿ ಚೀಲಗಳು ಮುಂದಿನ ಎರಡು ಸೀಟಿನ ಜೇಬಿನಲ್ಲಿ ರೆಡಿ ಇರಲಿ, ಒಂದು ಮಗು ಶುರು ಮಾಡಿದರೆ ವಾಸನೆಗೆ ಇನ್ನೆರಡು ಮಾಡುತ್ತವೆ. ಓಆರ್‌ಎಸ್ ಪ್ಯಾಕೆಟ್ ಬಿಡಿಸಿ ಗುಟುಕು ಗುಟುಕಾಗಿ ಕುಡಿಸಿ.

ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ ರೈಲು ಮಕ್ಕಳಿಗೆ ತುಂಬ ಇಷ್ಟ, ಆದರೆ ಮೊದಲ ದಿನ ಬೇಡವೇ ಬೇಡ. ಎರಡನೇ ದಿನ ಹತ್ತಿಸುವಾಗ ಎರಡು ನಿಯಮ ಹೇಳಿ. ಪ್ಲಾಟ್‌ಫಾರಂನಲ್ಲಿ ಉಳಿದುಬಿಟ್ಟ ಮಗು ಅಲ್ಲೇ ನಿಂತಿರಬೇಕು, ಟೀಚರ್ ವಾಪಸ್ ಬರುತ್ತಾರೆ. ರೈಲಿನೊಳಗೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ 500 ಸಿಂಗಾಪುರ ಡಾಲರಿನವರೆಗೆ. ಕೋಡುಬಳೆ ಬ್ಯಾಗಿನಲ್ಲೇ ಇರಲಿ. ಪ್ರತಿ ಮಗುವಿನ ಜೇಬಿನಲ್ಲಿ ಹೋಟೆಲಿನ ಹೆಸರು, ವಿಳಾಸ, ಅಲ್ಲಿನ ಸಿಮ್ ಹಾಕಿದ ಇಬ್ಬರು ಟೀಚರುಗಳ ನಂಬರ್ ಇರುವ ಚೀಟಿ ಮೊದಲ ದಿನದಿಂದಲೇ ಇರಬೇಕು. ಪೊಲೀಸರಿಗೆ 999, ಆಂಬುಲೆನ್ಸಿಗೆ 995, ಇದನ್ನೂ ಅದರ ಹಿಂದೆ ಬರೆಸಿ.

ರೂಮು ಸಿಕ್ಕ ಮೇಲೆ

ಯಾರು ಯಾರ ಜೊತೆ ಅನ್ನುವ ಪಟ್ಟಿ ಮೈಸೂರಿನಲ್ಲೇ ಅಂಟಿಸಿರಬೇಕು. ಮೂರು ಗಂಟೆಗೆ ಹೋಟೆಲಿನ ಲಾಬಿಯಲ್ಲಿ ನಿಂತು ‘ಮಿಸ್ ನಾನು ಅವಳ ಜೊತೆ ಇರಲ್ಲ’ ಅನ್ನುವುದನ್ನು ಕೇಳುವ ಶಕ್ತಿ ಆ ಹೊತ್ತಿಗೆ ಯಾರಿಗೂ ಉಳಿದಿರುವುದಿಲ್ಲ.

ಸ್ನಾನ, ಆಮೇಲೆ ಒಂದೂವರೆ ಗಂಟೆ ನಿದ್ದೆ. ಮಲಗಬೇಡಿ, ರಾತ್ರಿ ನಿದ್ದೆ ಬರಲ್ಲ ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ಇಷ್ಟು ಸುಸ್ತಾದ ಮಕ್ಕಳಿಗೆ ರಾತ್ರಿಯೂ ನಿದ್ದೆ ಬಂದೇ ಬರುತ್ತದೆ. ಆದರೆ ಒಂದೂವರೆ ಗಂಟೆಗೆ ಎಬ್ಬಿಸಲೇಬೇಕು, ಬಾಗಿಲು ತಟ್ಟಿದರೆ ಏಳುವುದಿಲ್ಲ, ರಿಸೆಪ್ಷನ್‌ನಿಂದ ರೂಮಿನ ಫೋನಿಗೆ ಮಾಡಿಸಿ. ಸಂಜೆ ಉತ್ಸಾಹ ಇದ್ದರೆ ಗಾರ್ಡನ್ಸ್ ಬೈ ದ ಬೇಯಲ್ಲಿರುವ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಗೋಪುರಗಳು) ಬೆಳಕಿನ ಆಟಕ್ಕೆ ಹೋಗಬಹುದು, ಉಚಿತ, 7.45ಕ್ಕೆ ಒಂದು, 8.45ಕ್ಕೆ ಇನ್ನೊಂದು. ಮೊದಲನೆಯದನ್ನೇ ನೋಡಿ. ಉತ್ಸಾಹ ಇಲ್ಲದಿದ್ದರೆ ಕೊನೆಯ ದಿನಕ್ಕೆ ಇಟ್ಟುಕೊಂಡರೆ ಏನೂ ನಷ್ಟವಿಲ್ಲ.

ಊರಿಗೆ ಸುದ್ದಿ. ಇಳಿದಾಗ ಒಂದು, ಹೋಟೆಲ್ ಸೇರಿದಾಗ ಒಂದು, ರಾತ್ರಿ ಮಲಗಿದಾಗ ಒಂದು ಮೆಸೇಜು ವಾಟ್ಸ್ಯಾಪ್ ಗುಂಪಿಗೆ ಹಾಕಿ, ಇಷ್ಟೇ ಬರುತ್ತದೆ ಅಂತ ಮೊದಲೇ ತಿಳಿಸಿ. ನಡುವೆ ನಡುವೆ ಫೋಟೋ ಕಳಿಸಲು ಹೋದರೆ ‘ನಮ್ಮ ಮಗು ಎಲ್ಲೂ ಕಾಣ್ತಿಲ್ವಲ್ಲ ಮಿಸ್’ ಅಂತ ಫೋನು ಶುರುವಾಗುತ್ತದೆ. ಮೆಸೇಜಿನಲ್ಲಿ ಭಾರತದ ಸಮಯವನ್ನೇ ಬರೆಯಿರಿ. ಮಕ್ಕಳು ಮನೆಗೆ ಮಾತಾಡುವುದು ಊಟದ ನಂತರ, ಐದು ನಿಮಿಷ, ಎಲ್ಲರೂ ಒಂದೇ ಹೊತ್ತಿಗೆ.

ಒಂಬತ್ತೂವರೆಗೆ ದೀಪ ಆರಿಸಿ. ಪಾಸ್‌ಪೋರ್ಟಿನ ಕಟ್ಟುಗಳನ್ನು ಎಣಿಸಿ ರೂಮಿನ ಲಾಕರಿನಲ್ಲಿಡಿ, ಬೀಗದ ನಂಬರ್ ಇನ್ನೊಬ್ಬ ಟೀಚರಿಗೂ ಗೊತ್ತಿರಲಿ. ಕೊನೆಗೆ ಎಲ್ಲ ರೂಮಿನ ಬಾಗಿಲೂ ಒಂದು ಸಲ ನೋಡಿ, ಒಳಗಿನ ಚಿಲಕ ಮಾತ್ರ ಹಾಕಬೇಡಿ ಅಂತ ಹೇಳಿ. ಬೆಳಗ್ಗೆ ಏಳದ ಮಗುವನ್ನು ಎಬ್ಬಿಸಲು ಹೋಟೆಲಿನವರ ಕಾರ್ಡಿನಿಂದಲೂ ಆಗ ಬಾಗಿಲು ತೆರೆಯುವುದಿಲ್ಲ.